ಹನ್ನೆರಡರಿಂದ ಮುನ್ನೂರಕ್ಕೆ: ಮುಕ್ತ ವಿನ್ಯಾಸದ ಅಂಗೈ ನಿಘಂಟಿಗೆ ಹಣ ಹೊಂದಿಸುವುದು ಹೇಗೆ?

ತುಂಗಾತೀರದವ (ಶಿವಮೊಗ್ಗ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಗ್ರಂಥಪಾಲಕರಾದ ಒಬ್ಬ ಸ್ನೇಹಿತರು, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮತ್ತು ನಾನು ಸೇರಿ ಎರಡು ವರ್ಷಗಳಿಂದ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಕನ್ನಡ–ಇಂಗ್ಲಿಷ್ ನಿಘಂಟಿನ ಸಾಧನವೊಂದನ್ನು ರೂಪಿಸುತ್ತಿದ್ದೇವೆ. ನಮ್ಮ ಜಿಲ್ಲೆಯ ಹಲವು ವಿದ್ಯಾರ್ಥಿ ನಿಲಯಗಳಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಇರುವ ಒಂದೆರಡು ಮುದ್ರಿತ ನಿಘಂಟುಗಳು ಕಪಾಟಿನಲ್ಲಿ ಬೀಗದೊಳಗೆ ಇರುತ್ತವೆ. ಕೆಲಸ ಆರಂಭವಾದದ್ದು ಇದನ್ನು ಕಂಡೇ.

ಸಾಧನದಲ್ಲಿ ಇರುವುದು ಇಷ್ಟು: ಕಾಗದದಂತೆ ಕಾಣುವ 4.2 ಇಂಚಿನ ಕಪ್ಪು-ಬಿಳುಪು ಇ-ಪೇಪರ್ ಪರದೆ, ಇಎಸ್‌ಪಿ32-ಎಸ್3 ಮಾಡ್ಯೂಲ್ (ವೈ-ಫೈ ಇರುವ ಸಣ್ಣ ಕಂಪ್ಯೂಟರ್ ಚಿಪ್), ಒಂದು ಮೈಕ್ರೋ ಎಸ್‌ಡಿ ಕಾರ್ಡ್, ಲಿಥಿಯಂ ಬ್ಯಾಟರಿ, ಹಾಗೂ ಕನ್ನಡ ಅಕ್ಷರಗಳನ್ನು ಅಚ್ಚೊತ್ತಿದ ಸಣ್ಣ ಕೀಲಿಮಣೆ. ಪದಸಂಪತ್ತು ‘ಅಲರ್’ ನಿಘಂಟಿನದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, 2019ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ದೊರೆತ, ಒಂದೂವರೆ ಲಕ್ಷದಷ್ಟು ಪದಗಳ ಆ ಭಂಡಾರ ಇಲ್ಲದಿದ್ದರೆ ನಮ್ಮ ಸಾಧನ ಖಾಲಿ ಡಬ್ಬಿಯಾಗಿರುತ್ತಿತ್ತು. ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುವುದಕ್ಕೆ ಸಣ್ಣ ಚಿಪ್‌ಗಳಲ್ಲಿ ಸಿದ್ಧ ವ್ಯವಸ್ಥೆ ಸಿಗದೆ, ನಿಘಂಟಿನಲ್ಲಿ ಬರುವ ಅಕ್ಷರಗುಚ್ಛಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮೊದಲೇ ಚಿತ್ರಗಳಾಗಿ ಮಾಡಿ ಕಾರ್ಡಿನಲ್ಲಿ ತುಂಬಿಸಿದ್ದೇವೆ. ಎರಡು ವರ್ಷಗಳಲ್ಲಿ ಏಳೆಂಟು ತಿಂಗಳನ್ನು ನುಂಗಿದ್ದು ಈ ಒಂದು ಕೆಲಸವೇ. ವಿನ್ಯಾಸದ ಕಡತಗಳು ಮತ್ತು ತಂತ್ರಾಂಶ ಎಲ್ಲವೂ ಸಾರ್ವಜನಿಕವಾಗಿವೆ.

ಇದುವರೆಗೆ ಹನ್ನೆರಡು ಸಾಧನಗಳನ್ನು ಕೈಯಾರೆ ಬೆಸುಗೆ ಹಾಕಿ ಮಾಡಿದ್ದೇವೆ. ಒಂದೊಂದಕ್ಕೂ ಬಿಡಿಭಾಗಗಳಿಗೆ ಸುಮಾರು 3,100 ರೂಪಾಯಿ, 3ಡಿ ಮುದ್ರಣದ ಕವಚಕ್ಕೆ 450 ರೂಪಾಯಿ ತಗುಲಿದೆ. ಹಣ ನಮ್ಮ ಮೂವರ ಜೇಬಿನದು. ಈಗ ಸುಮಾರು 140 ಮಂದಿ ತಮಗೂ ಬೇಕೆಂದು ಬರೆದಿದ್ದಾರೆ, ನಾಲ್ಕು ವಿದ್ಯಾರ್ಥಿ ನಿಲಯಗಳವರು ತಲಾ ಹತ್ತು ಕೇಳಿದ್ದಾರೆ. ಮುನ್ನೂರು ಮಾಡಬೇಕೆಂದು ನಮ್ಮ ಯೋಚನೆ. ಕವಚದ ಎರಡು ಭಾಗಗಳಿಗೆ ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ ತುಂಬಿ ಕವಚ ತೆಗೆಯುವ) ಅಚ್ಚು ಮಾಡಿಸಲು ಬೆಂಗಳೂರಿನಲ್ಲಿ ಐದೂವರೆ ಲಕ್ಷ ರೂಪಾಯಿ ಕೇಳಿದ್ದಾರೆ. ಬಿಡಿಭಾಗಗಳಿಗೆ 9.3 ಲಕ್ಷ, ಅಚ್ಚಿಗೆ 5.5 ಲಕ್ಷ ಎಂದರೆ ಒಟ್ಟು 14.8 ಲಕ್ಷ. ನಾಲ್ಕು ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆ ಇಟ್ಟರೆ ವಿದ್ಯಾರ್ಥಿ ನಿಲಯಗಳಿಗೆ ಕೊಳ್ಳಲಾಗದು.

ಮೂರು ದಾರಿಗಳು ಕಾಣುತ್ತಿವೆ: ಕೇಳಿದವರಿಂದ ಮುಂಗಡ ಪಡೆಯುವುದು, ಕ್ರೌಡ್‌ಫಂಡಿಂಗ್ ತಾಣದಲ್ಲಿ ಬಹಳ ಜನರಿಂದ ಹಣ ಕೂಡಿಸುವುದು, ಅಥವಾ ಯಾವುದಾದರೂ ಸಂಸ್ಥೆಯ ಅನುದಾನಕ್ಕೆ ಅರ್ಜಿ ಹಾಕುವುದು. ಇಂತಹ ಕೆಲಸದಲ್ಲಿ ಕೈ ಸುಟ್ಟುಕೊಂಡವರು ಅಥವಾ ಗೆದ್ದವರು ದಯವಿಟ್ಟು ಹೇಳಿ: ನೀವಾಗಿದ್ದರೆ ಯಾವ ದಾರಿ ಹಿಡಿಯುತ್ತಿದ್ದಿರಿ?

ಪೀಣ್ಯದ ಹಳೆ ಕೈ (ಬೆಂಗಳೂರು)

ಮೇಷ್ಟ್ರೇ, ಮೊದಲಿಗೆ ಅಭಿನಂದನೆ. ಹನ್ನೆರಡು ಸಾಧನಗಳು ಕೆಲಸ ಮಾಡುತ್ತಿವೆ ಎಂದರೆ ಅದು ಸಣ್ಣ ಮಾತಲ್ಲ. ನಾನು ಇಪ್ಪತ್ತೆರಡು ವರ್ಷ ಪೀಣ್ಯದಲ್ಲಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಜೋಡಣೆಯ ಜಾಬ್ ವರ್ಕ್ ಮಾಡಿದವನು. ಆದ್ದರಿಂದ ಹಣದ ಮೂಲಕ್ಕಿಂತ ಮೊದಲು ಹಣ ಎಲ್ಲಿ ಸೋರುತ್ತದೆ ಎಂಬುದನ್ನು ಹೇಳುತ್ತೇನೆ.

ನಿಮ್ಮ ಲೆಕ್ಕದಲ್ಲಿ ಬಿಡಿಭಾಗಗಳ ಬೆಲೆ ಇದೆ, ಅಚ್ಚಿನ ಬೆಲೆ ಇದೆ, ಕೆಡುವುದರ ಬೆಲೆ ಇಲ್ಲ. ಹನ್ನೆರಡು ಸಾಧನ ಮಾಡುವಾಗ ಒಂದು ಪರದೆ ಒಡೆದರೆ ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು ತರುತ್ತೀರಿ. ಮುನ್ನೂರು ಮಾಡುವಾಗ ಶೇಕಡ ಐದರಷ್ಟು ಬಿಡಿಭಾಗ ಹೆಚ್ಚುವರಿಯಾಗಿ ಕೊಂಡಿಡಬೇಕು, ಕೆಟ್ಟು ಹಿಂತಿರುಗಿ ಬರುವುದಕ್ಕೆ ಹತ್ತು ಹದಿನೈದು ಸಾಧನ ಎತ್ತಿಡಬೇಕು, ಪ್ರತಿ ಬೋರ್ಡನ್ನೂ ಎರಡು ನಿಮಿಷದಲ್ಲಿ ಪರೀಕ್ಷಿಸುವ ಒಂದು ಜಿಗ್ ಮಾಡಿಸಬೇಕು. ಜಿಗ್ ಇಲ್ಲದಿದ್ದರೆ ಏನಾಗುತ್ತದೆ ಎಂದರೆ, ನೀವು ಮೂವರೂ ಮೂರು ತಿಂಗಳು ರಾತ್ರಿ ಕೂತು ಮಲ್ಟಿಮೀಟರ್ ಹಿಡಿದು ಒಂದೊಂದೇ ಕೀಲಿ ಒತ್ತಿ ನೋಡುತ್ತೀರಿ. ಆ ಶ್ರಮಕ್ಕೆ ಯಾರೂ ಬಿಲ್ ಕೊಡುವುದಿಲ್ಲ.

ಎರಡನೆಯದು ಇ-ಪೇಪರ್ ಪರದೆ. ಕೆಲವು ವರ್ಷಗಳ ಹಿಂದೆ ಒಬ್ಬ ಗ್ರಾಹಕರಿಗಾಗಿ ಇದೇ ಅಳತೆಯ ಪರದೆಗಳನ್ನು ನಾವು ತರಿಸಿದ್ದೆವು. ಮೊದಲ ಐವತ್ತು ಚೆನ್ನಾಗಿ ಕೆಲಸ ಮಾಡಿದವು. ಎರಡನೆಯ ಸಲ ಅದೇ ಹೆಸರಿನಲ್ಲಿ, ಅದೇ ಅಳತೆಯಲ್ಲಿ ಬಂದ ಇನ್ನೂರು ಪರದೆಗಳ ಒಳಗಿನ ನಿಯಂತ್ರಕ ಚಿಪ್ ಬೇರೆಯಾಗಿತ್ತು. ಪರದೆಯಲ್ಲಿ ಚಿತ್ರ ಮೂಡಲೇ ಇಲ್ಲ. ಪೂರೈಕೆದಾರರು ತಿಳಿಸುವ ಗೋಜಿಗೆ ಹೋಗಿರಲಿಲ್ಲ. ತಂತ್ರಾಂಶ ತಿದ್ದುವುದಕ್ಕೆ ಐದು ವಾರ ಹಿಡಿಯಿತು, ಆ ಐದು ವಾರ ಎರಡು ಮೂರು ಲಕ್ಷದ ಸಾಮಾನು ಅಟ್ಟದ ಮೇಲೆ ಕೂತಿತ್ತು. ದೊಡ್ಡ ಕಂಪನಿಯವರು ಇಂತಹದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತಾರೆ. ಮುನ್ನೂರು ಕೊಳ್ಳುವವರ ಮಾತನ್ನು ಯಾರು ಕೇಳುತ್ತಾರೆ? ಆದ್ದರಿಂದ ಒಂದು ಕಂತಿಗೆ ಬೇಕಾದ ಪರದೆಗಳನ್ನೆಲ್ಲ ಒಮ್ಮೆಗೇ ಕೊಳ್ಳಿ. ಬೇರೆ ಬಿಡಿಭಾಗಗಳನ್ನು ಬೇಕಾದಾಗ ತಂದರೂ ನಡೆಯುತ್ತದೆ.

ಅಚ್ಚಿನ ವಿಷಯದಲ್ಲಿ ನನ್ನ ಸಲಹೆ ನೇರವಾಗಿದೆ: ಮಾಡಿಸಬೇಡಿ. ಐದೂವರೆ ಲಕ್ಷವನ್ನು ಮುನ್ನೂರಕ್ಕೆ ಹಂಚಿದರೆ ಒಂದೊಂದು ಸಾಧನದ ಮೇಲೆ 1,833 ರೂಪಾಯಿ ಬೀಳುತ್ತದೆ. ಮೂರು ಸಾವಿರಕ್ಕೆ ಹಂಚಿದರೆ ಮಾತ್ರ ಅದು 183 ರೂಪಾಯಿಗೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅಚ್ಚು ಉಕ್ಕಿನದು. ಮೊದಲ ಐವತ್ತು ಜನ ಬಳಸಿದ ಮೇಲೆ ಕೀಲಿಯ ಸ್ಥಳ ಎರಡು ಮಿಲಿಮೀಟರ್ ಬದಲಾಗಬೇಕೆಂದು ತಿಳಿದರೆ ಮತ್ತೆ ಹಣ ಸುರಿಯಬೇಕು. ಬದಲಿಗೆ ಹಸಿರು ಪಿಸಿಬಿ ಹಾಳೆಯಿಂದಲೇ ಮುಂಭಾಗ ಮತ್ತು ಹಿಂಭಾಗದ ಫಲಕಗಳನ್ನು ಕತ್ತರಿಸಿ, ನಡುವೆ ಹಿತ್ತಾಳೆಯ ಪುಟ್ಟ ಕಂಬಗಳನ್ನಿಟ್ಟು ಸ್ಕ್ರೂ ಹಾಕಬಹುದು. ಕನ್ನಡ ಅಕ್ಷರಗಳನ್ನು ಆ ಫಲಕದ ಮೇಲೆಯೇ ಬಿಳಿ ಬಣ್ಣದಲ್ಲಿ ಮುದ್ರಿಸಿಕೊಡುತ್ತಾರೆ, ಅದಕ್ಕೆ ಬೇರೆ ಖರ್ಚಿಲ್ಲ. ನೋಡುವುದಕ್ಕೂ ಚೆನ್ನ. ನುಣುಪಾದ ಕವಚವೇ ಬೇಕೆಂದರೆ ಸಿಲಿಕೋನ್ ಅಚ್ಚಿನಲ್ಲಿ ವ್ಯಾಕ್ಯೂಮ್ ಕಾಸ್ಟಿಂಗ್ ಮಾಡುವವರಿದ್ದಾರೆ. ಒಂದು ಅಚ್ಚಿನಿಂದ ಇಪ್ಪತ್ತು ಇಪ್ಪತ್ತೈದು ಕವಚ ಬರುತ್ತವೆ.

ಇನ್ನು ಕಾನೂನು. ವೈ-ಫೈ ಇರುವ ಸಾಧನವನ್ನು ಮಾರುವುದಕ್ಕೆ ಕೇಂದ್ರ ಸರ್ಕಾರದ ರೇಡಿಯೋ ತರಂಗಗಳ ಬಳಕೆಯನ್ನು ನಿಯಂತ್ರಿಸುವ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನುಮೋದನೆ ಬೇಕು. ಲಿಥಿಯಂ ಬ್ಯಾಟರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ಇರಬೇಕು, ವಿಮಾನದಲ್ಲಿ ಕಳುಹಿಸಲು ಯುಎನ್ 38.3 ಎಂಬ ಸಾಗಣೆ ಸುರಕ್ಷತಾ ಪರೀಕ್ಷೆಯ ಪತ್ರ ಕೇಳುತ್ತಾರೆ. ಒಂದು ಪ್ರಶ್ನೆ ಕೇಳುತ್ತೇನೆ, ಬೇಸರಿಸಬೇಡಿ: ನಿಘಂಟಿಗೆ ವೈ-ಫೈ ಏಕೆ? ಹೊಸ ಪದಗಳನ್ನು ಕಾರ್ಡ್ ಬದಲಿಸಿ ತುಂಬಿಸಬಹುದಲ್ಲ. ವೈ-ಫೈ ತೆಗೆದರೆ ಒಂದು ಅನುಮೋದನೆಯ ತಲೆನೋವೂ ಹೋಗುತ್ತದೆ, ವಿದ್ಯಾರ್ಥಿ ನಿಲಯದ ವಾರ್ಡನ್‌ಗಳ ಅನುಮಾನವೂ ಹೋಗುತ್ತದೆ. ಬ್ಯಾಟರಿಯ ಬದಲು ಅಂಗಡಿಯಲ್ಲಿ ಸಿಗುವ ಎರಡು ಪೆನ್‌ಸೆಲ್‌ಗಳಲ್ಲಿ ಓಡುವಂತೆ ಮಾಡಿದರೆ ಇನ್ನೊಂದೂ ಹೋಗುತ್ತದೆ. ಇ-ಪೇಪರ್ ಪರದೆ ಚಿತ್ರ ಬದಲಾಗುವಾಗ ಮಾತ್ರ ವಿದ್ಯುತ್ ಬಳಸುವುದರಿಂದ ಇದು ಸಾಧ್ಯ.

ಹಣದ ವಿಷಯಕ್ಕೆ ಬರುತ್ತೇನೆ. ಮುನ್ನೂರರ ಕನಸನ್ನು ಬದಿಗಿಟ್ಟು ಮೊದಲು ನಲವತ್ತು ಮಾಡಿ. ಬಿಡಿಭಾಗಕ್ಕೆ 1.24 ಲಕ್ಷ, ಫಲಕಗಳಿಗೆ ತಲಾ 350ರಂತೆ 14,000, ಜಿಗ್‌ಗೆ 15,000, ಹೆಚ್ಚುವರಿ ಸಾಮಾನಿಗೆ ಆರು ಸಾವಿರ: ಒಟ್ಟು 1.59 ಲಕ್ಷ. ನಾಲ್ಕನ್ನು ಕೆಡುವುದಕ್ಕೆ ಬಿಟ್ಟು, 36 ಸಾಧನಗಳನ್ನು ತಲಾ 5,500ಕ್ಕೆ ಮಾರಿದರೆ 1.98 ಲಕ್ಷ ಬರುತ್ತದೆ. ಉಳಿದ 39,000 ಮುಂದಿನ ಕಂತಿನ ಬೀಜ. ನಾಲ್ಕು ಸಾವಿರಕ್ಕೆ ಮಾರಿದರೆ 1.44 ಲಕ್ಷ ಮಾತ್ರ ಬಂದು ಮೊದಲ ಕಂತಿನಲ್ಲೇ ಮುಳುಗುತ್ತೀರಿ. ಈ ಲೆಕ್ಕದಲ್ಲಿ ಜಿಎಸ್‌ಟಿ ಸೇರಿಸಿಲ್ಲ, ಅಂಚೆ ವೆಚ್ಚವನ್ನೂ ಸೇರಿಸಿಲ್ಲ.

ಇಸಾರ್ ದಂಡೆ (ಮ್ಯೂನಿಕ್)

ಹಳೆ ಕೈ ಅವರ ಮಾತುಗಳನ್ನು ನಾನು ಪೂರ್ತಿ ಅನುಮೋದಿಸುತ್ತೇನೆ. ಮುಂಗಡದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು, ಏಕೆಂದರೆ ಈ ಕ್ಷೇತ್ರದ ಚರಿತ್ರೆಯಲ್ಲಿ ಒಳ್ಳೆಯ ಸಾಧನಗಳನ್ನು ಕೊಂದದ್ದು ಬಹುಮಟ್ಟಿಗೆ ಮುಂಗಡದ ಭಾರವೇ.

ಪಂಡೋರಾ ಎಂಬ, ಲಿನಕ್ಸ್ ಎನ್ನುವ ಮುಕ್ತ ತಂತ್ರಾಂಶದಿಂದ ನಡೆಯುವ ಅಂಗೈ ಕಂಪ್ಯೂಟರಿನ ಕಥೆಯನ್ನು ನೋಡಿ. 2008ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಒಂದು ಪುಟ್ಟ ತಂಡ ಮೊದಲ ಕಂತಿನ 4,000 ಸಾಧನಗಳಿಗೆ ಪೂರ್ಣ ಮುಂಗಡ ಪಡೆಯಿತು. ಸಾಧನ ತಲುಪುವುದಕ್ಕೆ ಬಹಳ ದಿನ ಹಿಡಿಯುವ ಮಾರಾಟವನ್ನು ಬ್ಯಾಂಕುಗಳು ಒಪ್ಪುವುದಿಲ್ಲ. ಕ್ರೆಡಿಟ್ ಕಾರ್ಡ್ ಮೂಲಕ ಬಂದ ಹಣ ಗ್ರಾಹಕರಿಗೆ ಹಿಂತಿರುಗಿ, ಅವರು ಮತ್ತೆ ಬೇರೆ ದಾರಿಯಲ್ಲಿ ಪಾವತಿಸಬೇಕಾಯಿತು. ಕವಚದ ಅಚ್ಚು ಹಲವು ಸಲ ತಿದ್ದುಪಡಿ ಕಂಡಿತು. ಮೊದಲ ಸಾಧನಗಳು ಗ್ರಾಹಕರ ಕೈ ಸೇರಿದ್ದು 2010ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಮುಂಗಡದ ಹಣ ತಿದ್ದುಪಡಿಗಳಲ್ಲಿ ಕರಗಿತ್ತು, ಕೊಡಬೇಕಾದ ಸಾಧನಗಳು ಮಾತ್ರ ಹಾಗೆಯೇ ಉಳಿದಿದ್ದವು. ಕೊನೆಗೆ ತಯಾರಿಕೆ ಜರ್ಮನಿಗೆ ಬಂದು, ಹೊಸ ಗ್ರಾಹಕರಿಗೆ ಹೆಚ್ಚಿನ ಬೆಲೆಗೆ ಮಾರಿ, ಆ ಲಾಭದಿಂದ ಹಳೆಯ ಮುಂಗಡದಾರರ ಸಾಧನಗಳನ್ನು ಮಾಡಿಕೊಡುವ ಏರ್ಪಾಟು ಆಯಿತು. ಆ ತಂಡದಲ್ಲಿ ಮೋಸಗಾರರಿರಲಿಲ್ಲ, ಸಾಧನವೂ ಬಳಸಿದವರ ಮೆಚ್ಚುಗೆ ಪಡೆಯಿತು. ತೊಡಕು ಇದ್ದದ್ದು ಒಂದೇ ಕಡೆ: ಮುಂಗಡವೆಂದರೆ ಸಾಲ, ಅದನ್ನು ಆದಾಯವೆಂದು ಬರೆದುಕೊಂಡರೆ ಪುಸ್ತಕ ಮೊದಲ ದಿನದಿಂದಲೇ ತಪ್ಪಾಗುತ್ತದೆ.

ಅದಕ್ಕೂ ಮೊದಲಿನದು ಮುಕ್ತ ಫೋನು ಮಾಡಹೊರಟ ಕಂಪನಿ ಓಪನ್‌ಮೋಕೋ. 2007ರಲ್ಲಿ ನಿಯೋ 1973, 2008ರಲ್ಲಿ 399 ಡಾಲರ್ ಬೆಲೆಯ ಫ್ರೀರನ್ನರ್ ಎಂಬ ಮುಕ್ತ ಫೋನುಗಳು ಬಂದವು. ಹಿಂದೆ ತೈವಾನಿನ ದೊಡ್ಡ ತಯಾರಕ ಕಂಪನಿಯ ಬೆಂಬಲವಿತ್ತು, ಆದ್ದರಿಂದ ಮುಂಗಡದ ತೊಡಕು ಇರಲಿಲ್ಲ. ಆದರೂ ಕರೆ ಮಾಡುವಾಗ ಕೇಳುವ ಗುಂಯ್ ಎಂಬ ಸದ್ದನ್ನು ನಿಲ್ಲಿಸಲು ಮಾರಿದ ಫೋನುಗಳನ್ನೇ ಬಿಚ್ಚಿ ಕೆಪಾಸಿಟರ್ ಬೆಸೆಯಬೇಕಾಯಿತು; ಮೆಮೊರಿ ಕಾರ್ಡಿನ ಸಂಕೇತ ಜಿಪಿಎಸ್‌ಗೆ ಅಡ್ಡ ಬರುತ್ತಿತ್ತು. 2009ರ ಏಪ್ರಿಲ್‌ನಲ್ಲಿ ಮುಂದಿನ ಫೋನಿನ ಕೆಲಸವನ್ನೇ ಕೈಬಿಟ್ಟರು. ಓಪನ್‌ಮೋಕೋ ಕಂಪನಿಯೇ ಆ ವರ್ಷದ ಕೊನೆಗೆ ತಂದದ್ದು ನಿಮ್ಮ ಸಾಧನದ ದೂರದ ಬಂಧು ಎನ್ನಬಹುದು: ಇಡೀ ವಿಕಿಪೀಡಿಯವನ್ನು ಮೆಮೊರಿ ಕಾರ್ಡಿನಲ್ಲಿಟ್ಟ, ಇಂಟರ್‌ನೆಟ್ ಇಲ್ಲದ, ಮಾಮೂಲಿ ಪೆನ್‌ಸೆಲ್‌ಗಳಿಂದ ನಡೆಯುವ 99 ಡಾಲರಿನ ವಿಕಿರೀಡರ್. ಪೆನ್‌ಸೆಲ್ ಸಲಹೆ ಓದಿದಾಗ ನನಗೆ ತಕ್ಷಣ ಅದೇ ನೆನಪಾಯಿತು.

ಕ್ರೌಡ್‌ಫಂಡಿಂಗ್‌ನಲ್ಲಿ ಗೆದ್ದವರು ಇಲ್ಲವೆಂದಲ್ಲ. ಫ್ಲಿಪ್ಪರ್ ಝೀರೋ ಎಂಬ, ರೇಡಿಯೋ ಸಂಕೇತಗಳನ್ನು ಪರೀಕ್ಷಿಸುವ ಅಂಗೈ ಸಾಧನ 2020ರಲ್ಲಿ 60,000 ಡಾಲರ್ ಕೇಳಿ 48 ಲಕ್ಷ ಡಾಲರಿಗಿಂತ ಹೆಚ್ಚು ಪಡೆಯಿತು. ಅಷ್ಟು ಹಣವಿದ್ದೂ ಚಿಪ್ ಕೊರತೆಯ ದಿನಗಳಲ್ಲಿ ಅವರು ತಡಮಾಡಬೇಕಾಯಿತು. ಲಿಬ್ರೆಮ್ 5 ಫೋನು 2017ರಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿ, 2019ರ ಜನವರಿಯಲ್ಲಿ ಕೊಡುವುದಾಗಿ ಹೇಳಿ, ದೊಡ್ಡ ಪ್ರಮಾಣದಲ್ಲಿ ಕಳುಹಿಸಲು ಆರಂಭಿಸಿದ್ದು 2020ರ ನವೆಂಬರ್‌ನಲ್ಲಿ. ಅಂದಹಾಗೆ ಪ್ರಮುಖ ಕ್ರೌಡ್‌ಫಂಡಿಂಗ್ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಭಾರತದಿಂದ ನೇರವಾಗಿ ಯೋಜನೆ ಹಾಕಲು ಅವಕಾಶವಿಲ್ಲ. ಹೊರದೇಶದಲ್ಲಿ ಕಂಪನಿ ಮಾಡಿಕೊಂಡೇ ಹೋಗಬೇಕು. ಮುನ್ನೂರು ನಿಘಂಟಿಗೆ ಅಷ್ಟು ದೂರ ಹೋಗುವುದು ಇಲಿ ಹಿಡಿಯಲು ಬೆಟ್ಟ ಅಗೆದ ಹಾಗೆ.

ಮಲ್ಲೇಶ್ವರದ ನಿವೃತ್ತ

ಬೆಂಗಳೂರಿನಲ್ಲೇ ನಡೆದ ಒಂದು ಪ್ರಯೋಗವನ್ನು ಇಲ್ಲಿ ಯಾರೂ ನೆನೆಯಲಿಲ್ಲವೆಂದು ಬರೆಯುತ್ತಿದ್ದೇನೆ. ಸಿಂಪ್ಯೂಟರ್ ಎಂಬ ಹೆಸರನ್ನು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಕೇಳಿರಲಾರರು.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳೊಡನೆ ಸೇರಿ ಒಂದು ಟ್ರಸ್ಟ್ ಕಟ್ಟಿ, ಹಳ್ಳಿಯ ಜನರಿಗಾಗಿ ಲಿನಕ್ಸ್ ಆಧಾರಿತ ಅಂಗೈ ಕಂಪ್ಯೂಟರನ್ನು ರೂಪಿಸಿದರು. ಒಂದೇ ಸಾಧನವನ್ನು ಊರಿನವರೆಲ್ಲ ಹಂಚಿಕೊಳ್ಳಬೇಕು, ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಬೇಕು, ಓದು ಬಾರದವರಿಗೆ ಅದು ಕನ್ನಡದಲ್ಲಿ, ಹಿಂದಿಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು ಎಂಬುದು ಕಲ್ಪನೆ. ಆಗ, ಅಂದರೆ 2001ರ ಸುಮಾರಿಗೆ, ಹೊರದೇಶದ ಪತ್ರಿಕೆಗಳೂ ಇದನ್ನು ಕೊಂಡಾಡಿದ್ದವು. ಗುರಿಯ ಬೆಲೆ ಸುಮಾರು ಒಂಬತ್ತು ಸಾವಿರ ರೂಪಾಯಿ.

ಹಣ ಹೊಂದಿಸುವ ಅವರ ಯೋಚನೆಯನ್ನು ಗಮನಿಸಿ, ನಿಮ್ಮ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿದ್ದು. ಟ್ರಸ್ಟ್ ಸಾಧನಗಳನ್ನು ಮಾರುವುದಿಲ್ಲ, ವಿನ್ಯಾಸವನ್ನು ಕಾಪಾಡುತ್ತದೆ. ಅದನ್ನು ತಯಾರಿಸಲು ಇಚ್ಛಿಸುವ ಕಂಪನಿಗಳು ಶುಲ್ಕ ಕೊಟ್ಟು ಪರವಾನಗಿ ಪಡೆಯುತ್ತವೆ. ಕಂಪನಿ ಮಾಡಿಕೊಂಡ ಸುಧಾರಣೆಗಳನ್ನು ಒಂದು ವರ್ಷ ತನ್ನಲ್ಲೇ ಇಟ್ಟುಕೊಂಡು ಲಾಭ ಮಾಡಬಹುದು, ಬಳಿಕ ಟ್ರಸ್ಟಿಗೆ ಒಪ್ಪಿಸಬೇಕು. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ನೋಡಿ. ಆದರೆ ತಯಾರಿಸಿ ಮಾರುವುದಕ್ಕೆ ಬೇಕಾದ ದುಡಿಯುವ ಬಂಡವಾಳವನ್ನು ಪರವಾನಗಿ ಹುಟ್ಟಿಸುವುದಿಲ್ಲ. ವಿಜ್ಞಾನಿಗಳೇ ಪಿಕೋಪೆಟಾ ಎಂಬ ಕಂಪನಿ ಮಾಡಿ, ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ ‘ಅಮಿಡಾ’ ಹೆಸರಿನ ಮಾದರಿಯನ್ನು ಮಾರುಕಟ್ಟೆಗೆ ತರುವಷ್ಟರಲ್ಲಿ 2004ರ ಏಪ್ರಿಲ್ ಬಂದಿತ್ತು. ಕಪ್ಪು-ಬಿಳುಪು ಪರದೆಯದಕ್ಕೇ ಹತ್ತು ಸಾವಿರದಷ್ಟು ಬೆಲೆ, ಬಣ್ಣದ ಪರದೆಯದಕ್ಕೆ ಸುಮಾರು ಅದರ ಎರಡರಷ್ಟು. ಅಷ್ಟು ಹೊತ್ತಿಗೆ ಮೊಬೈಲ್ ಫೋನು ಹಳ್ಳಿಗಳ ದಾರಿ ಹಿಡಿದಿತ್ತು. ಐವತ್ತು ಸಾವಿರ ಮಾರಾಟವಾದೀತೆಂಬ ನಿರೀಕ್ಷೆಯಿದ್ದ ಕಡೆ ನಾಲ್ಕು ಸಾವಿರದಷ್ಟು ಮಾರಾಟವಾದವು.

ಇದನ್ನು ಸೋಲು ಎಂದು ಬರೆದು ಮುಗಿಸುವವರ ಜತೆ ನನಗೆ ಸಹಮತವಿಲ್ಲ. ಕೈಯನ್ನು ಅಲ್ಲಾಡಿಸಿದರೆ ಪುಟ ಮಗುಚುವ ಚಲನಸಂವೇದಿ ಅಮಿಡಾದಲ್ಲಿತ್ತು, ಆ ಕಾಲದ ಯಾವ ಸಾಮಾನ್ಯ ಫೋನಿನಲ್ಲೂ ಅದು ಇರಲಿಲ್ಲ. ಸಿಂಪ್ಯೂಟರಿಗಾಗಿ ಶುರುವಾದ ‘ಧ್ವನಿ’ ಎಂಬ, ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಮುಕ್ತವಾಗಿದ್ದುದರಿಂದಲೇ ಸಾಧನ ಮರೆಯಾದ ಮೇಲೂ ಬೇರೆಯವರ ಕೈಯಲ್ಲಿ ಬೆಳೆಯಿತು. ನೀವು ಒತ್ತಕ್ಷರಗಳಿಗಾಗಿ ಕಳೆದ ಏಳೆಂಟು ತಿಂಗಳ ಕೆಲಸವೂ ಅಂತಹದೇ. ಸಾಧನ ಮುನ್ನೂರು ಆಗಲಿ ಮೂವತ್ತಾಗಲಿ, ಆ ಅಕ್ಷರಚಿತ್ರಗಳ ಭಂಡಾರವನ್ನು ಪ್ರತ್ಯೇಕ ಯೋಜನೆಯಾಗಿ ದಾಖಲೆಸಹಿತ ಹೊರಗಿಡಿ. ಬೇರೆಯವರು ಮೊದಲು ಕೇಳುವುದು ಅದನ್ನೇ.

ಕೋಶಪ್ರಿಯ

ಅನುದಾನದ ಬಗ್ಗೆ ಯಾರೂ ಬರೆಯದ ಕಾರಣ ತಿಳಿದಷ್ಟು ಹೇಳುತ್ತೇನೆ. ಮಲ್ಲೇಶ್ವರದ ಹಿರಿಯರು ಹೇಳಿದ ಪ್ರತ್ಯೇಕ ಯೋಜನೆಯ ಮಾತು ಇಲ್ಲಿ ಹಣದ ದೃಷ್ಟಿಯಿಂದಲೂ ಉಪಯೋಗಕ್ಕೆ ಬರುತ್ತದೆ. ಮುಕ್ತ ತಂತ್ರಾಂಶಕ್ಕೆ ಅನುದಾನ ಕೊಡುವವರು ಈಗ ಇದ್ದಾರೆ; ಡಬ್ಬಿ, ಪರದೆ, ಬ್ಯಾಟರಿ ಕೊಳ್ಳುವುದಕ್ಕೆ ಕೊಡುವವರು ವಿರಳ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಆರಂಭಿಸಿ, ವರ್ಷಕ್ಕೆ 10 ಲಕ್ಷ ಡಾಲರನ್ನು ಜಗತ್ತಿನ ಮುಕ್ತ ತಂತ್ರಾಂಶ ಯೋಜನೆಗಳಿಗೆ ಹಂಚುವುದಾಗಿ ಪ್ರಕಟಿಸಿತು. ಒಂದು ಯೋಜನೆಗೆ ಕನಿಷ್ಠ 10,000 ಡಾಲರ್. ಆದರೆ ಅದು ಈಗಾಗಲೇ ಬಹಳ ಜನ ಬಳಸುತ್ತಿರುವ ಯೋಜನೆಗಳತ್ತ ನೋಡುವ ನಿಧಿ. ನಿಮ್ಮಂತಹ ಪುಟ್ಟ ತಂಡಕ್ಕೆ ಭಾರತದ ಮುಕ್ತ ತಂತ್ರಾಂಶ ಸಂಸ್ಥೆಯಾದ ಫಾಸ್ ಯುನೈಟೆಡ್‌ನ ಅನುದಾನಗಳು ಹತ್ತಿರದ ಬಾಗಿಲು. ಯೂರೋಪಿನ ಎನ್‌ಎಲ್‌ನೆಟ್ ಪ್ರತಿಷ್ಠಾನ 5,000ದಿಂದ 50,000 ಯೂರೋವರೆಗೆ ಕೊಡುತ್ತದೆ, ಯಂತ್ರಾಂಶ (ಹಾರ್ಡ್‌ವೇರ್) ಯೋಜನೆಗಳಿಗೂ ಕೊಟ್ಟಿದೆ. ಪ್ರಿಕರ್ಸರ್ ಎಂಬ ಮುಕ್ತ ಅಂಗೈ ಸಾಧನದ ಬೆಳವಣಿಗೆಗೆ ಅದರ ನೆರವಿತ್ತು. ಅಲ್ಲಿಯ ಪದ್ಧತಿ ಎಂದರೆ, ಒಪ್ಪಿಕೊಂಡ ಕೆಲಸದ ಒಂದೊಂದು ಹಂತ ಮುಗಿಸಿ ತೋರಿಸಿದ ಮೇಲೆ ಹಣ ಬರುತ್ತದೆ. ಅಂದರೆ ಆರಂಭದ ಖರ್ಚಿಗೆ ನಿಮ್ಮದೇ ಕೈ ಹಣ ಬೇಕು. ನೀವು ಸಂಘ ಅಥವಾ ಟ್ರಸ್ಟ್ ನೋಂದಾಯಿಸಿಕೊಂಡು ಹೊರದೇಶದ ಅನುದಾನ ಪಡೆಯುವುದಾದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ನಿಯಮಗಳು ಅಡ್ಡ ಬರುತ್ತವೆ, ಲೆಕ್ಕಪರಿಶೋಧಕರನ್ನು ಕೇಳದೆ ಹೆಜ್ಜೆ ಇಡಬೇಡಿ.

ಒಂದು ಭಿನ್ನಾಭಿಪ್ರಾಯವನ್ನೂ ದಾಖಲಿಸುತ್ತೇನೆ. ಹಳೆ ಕೈ ಅವರ ಲೆಕ್ಕದಲ್ಲಿ ತಂತ್ರಾಂಶ ಬರೆಯುವವರಿಗೆ ಒಂದು ರೂಪಾಯಿಯೂ ಇಲ್ಲ. ಪೈನ್64 ಸಂಸ್ಥೆ ಲಿನಕ್ಸ್‌ನಲ್ಲಿ ನಡೆಯುವ 149 ಡಾಲರಿನ ಪೈನ್‌ಫೋನನ್ನು ಬಹಳ ಕಡಿಮೆ ಲಾಭಕ್ಕೆ ಮಾರಿ, ತಂತ್ರಾಂಶವನ್ನು ಸಮುದಾಯಕ್ಕೆ ಬಿಟ್ಟಿತು. ‘ಸಮುದಾಯ ಆವೃತ್ತಿ’ಗಳಲ್ಲಿ ಪ್ರತಿ ಫೋನಿಗೆ ಹತ್ತು ಡಾಲರನ್ನು ಆಯಾ ತಂತ್ರಾಂಶ ಯೋಜನೆಗೆ ಕೊಟ್ಟಿತು. ಹತ್ತು ಡಾಲರ್ ಸಾಕಾಯಿತೇ ಎಂಬುದು ಬೇರೆ ಮಾತು, ಆದರೆ ಬೆಲೆಯ ಒಳಗೇ ಅದನ್ನು ಬರೆದಿಟ್ಟದ್ದು ಸರಿಯಾದ ಪದ್ಧತಿ. ನಿಮ್ಮ ವಿದ್ಯಾರ್ಥಿನಿ ಇನ್ನೆಷ್ಟು ವರ್ಷ ಸಂಬಳವಿಲ್ಲದೆ ತಿದ್ದುಪಡಿ ಬರೆಯುತ್ತಾರೆ? ಅವರಿಗೆ ಕೆಲಸ ಸಿಕ್ಕ ದಿನ ಯೋಜನೆ ನಿಲ್ಲುತ್ತದೆ.

ಇನ್ನೊಂದು ಸಣ್ಣ ವಿಷಯ. ‘ಅಲರ್’ ದತ್ತಾಂಶದ ಪರವಾನಗಿಯ ಪ್ರಕಾರ, ನೀವು ಅದಕ್ಕೆ ಪದಗಳನ್ನು ಸೇರಿಸಿ ಅಥವಾ ತಿದ್ದಿ ಹಂಚಿದರೆ ಆ ದತ್ತಾಂಶವನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು, ಮೂಲವನ್ನು ಸಾಧನದಲ್ಲಿ ಹೆಸರಿಸಬೇಕು. ಬೋರ್ಡಿನ ವಿನ್ಯಾಸಕ್ಕೆ ಯೂರೋಪಿನ ಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್ ಸಂಸ್ಥೆಯ ಮುಕ್ತ ಯಂತ್ರಾಂಶ ಪರವಾನಗಿಯ ಎರಡನೆಯ ಆವೃತ್ತಿ ಹೊಂದುತ್ತದೆ. ಅದರಲ್ಲಿ ಬದಲಾವಣೆಗಳನ್ನು ಹಂಚಲೇಬೇಕಾದ ಬಗೆಯೂ ಇದೆ, ಬಿಟ್ಟುಕೊಡುವ ಬಗೆಯೂ ಇದೆ. ಯಾವುದೆಂದು ಈಗಲೇ ತೀರ್ಮಾನಿಸಿ, ನಲವತ್ತು ಜನರ ಕೈಗೆ ಹೋದ ಮೇಲೆ ಬದಲಿಸುವುದು ಕಷ್ಟ.

ತುಂಗಾತೀರದವ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಋಣಿ. ನಾವು ಮೂವರೂ ನಿನ್ನೆ ಸಂಜೆ ಗ್ರಂಥಾಲಯದಲ್ಲಿ ಕೂತು ಇದನ್ನೆಲ್ಲ ಓದಿದೆವು. ವೈ-ಫೈ ತೆಗೆಯುವ ಮಾತಿಗೆ ನನಗೇ ಮೊದಲು ಕೋಪ ಬಂದಿತು ಎಂದು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಅದನ್ನು ಕೆಲಸ ಮಾಡಿಸಲು ನಾನು ಒಂದು ಬೇಸಿಗೆ ರಜೆ ಕಳೆದಿದ್ದೆ. ಗ್ರಂಥಪಾಲಕರು ಕೇಳಿದ್ದು ಒಂದೇ ಪ್ರಶ್ನೆ: ಹನ್ನೆರಡು ಸಾಧನಗಳಲ್ಲಿ ಎಷ್ಟರ ವೈ-ಫೈ ಯಾರಾದರೂ ಬಳಸಿದ್ದಾರೆ? ನಮ್ಮ ಮೂವರದ್ದನ್ನು ಬಿಟ್ಟರೆ ಒಂದೂ ಇಲ್ಲ.

ಆದ್ದರಿಂದ ಹೀಗೆ ಯೋಚಿಸಿದ್ದೇವೆ. ರೇಡಿಯೋ ಇಲ್ಲದ ಅಗ್ಗದ ಚಿಪ್‌ಗೆ ತಂತ್ರಾಂಶವನ್ನು ಬದಲಿಸಿ, ಪೆನ್‌ಸೆಲ್ ಬಳಸಿ, ಪರದೆಯನ್ನು ಒಂದು ಅಳತೆ ಚಿಕ್ಕದು ಮಾಡಿದರೆ ಬಿಡಿಭಾಗಗಳ ಬೆಲೆ 2,300ರ ಸುಮಾರಿಗೆ ಇಳಿಯುತ್ತದೆ. ಮೊದಲ ನಲವತ್ತಕ್ಕೆ ಬೇಕಾದ ಹಣವನ್ನು ನಾವೇ ಹಾಕುತ್ತೇವೆ. ಮುಂಗಡ ಪಡೆಯುವುದಿಲ್ಲ; ಬೇಕೆಂದವರ ಹೆಸರು ಬರೆದಿಟ್ಟುಕೊಂಡು, ಸಾಧನ ಸಿದ್ಧವಾಗಿ ಪರೀಕ್ಷೆ ಮುಗಿದ ಮೇಲೆ ಸರದಿಯಂತೆ ಕೇಳುತ್ತೇವೆ. ವಿದ್ಯಾರ್ಥಿ ನಿಲಯಗಳಿಗೆ ಬೇರೆ ಬೆಲೆ ಇಡುವ ಬದಲು, ಒಂದು ಕೊಂಡವರು ಇಚ್ಛಿಸಿದರೆ ಇನ್ನೊಂದರ ಬೆಲೆಯನ್ನು ಒಂದು ನಿಲಯದ ಹೆಸರಿನಲ್ಲಿ ಕೊಡುವ ಏರ್ಪಾಟು ಮಾಡಿದರೆ ಹೇಗೆ ಎಂಬ ಚರ್ಚೆ ನಡೆದಿದೆ. ಪ್ರತಿ ಸಾಧನದ ಬೆಲೆಯಲ್ಲಿ 300 ರೂಪಾಯಿಯನ್ನು ತಂತ್ರಾಂಶಕ್ಕೆಂದು ಪ್ರತ್ಯೇಕ ಬರೆಯುವುದಾಗಿ ತೀರ್ಮಾನಿಸಿದೆವು. ವಿದ್ಯಾರ್ಥಿನಿ ನಕ್ಕು, ಅದರಲ್ಲಿ ತಿಂಗಳ ಬಸ್ ಚಾರ್ಜ್ ಆಗುತ್ತದೆ ಸರ್ ಎಂದರು. ಅಕ್ಷರಚಿತ್ರಗಳ ಕೆಲಸಕ್ಕೆ ಅನುದಾನದ ಅರ್ಜಿ ಬರೆಯುವ ಹೊಣೆ ಅವರದೇ.

ಉಳಿದ ಪ್ರಶ್ನೆ ಒಂದು: ಪೆನ್‌ಸೆಲ್ ಹಳತಾದಂತೆ ವೋಲ್ಟೇಜ್ ಇಳಿಯುತ್ತದೆ, ಇ-ಪೇಪರ್ ಪರದೆ ಚಿತ್ರ ಬದಲಿಸುವ ಹೊತ್ತಿಗೆ ಚಿಪ್ ಒಮ್ಮೊಮ್ಮೆ ಮರುಚಾಲನೆ ಆಗುತ್ತಿದೆ. ಇದಕ್ಕೆ ಪರಿಹಾರವೇನು?

ಪೀಣ್ಯದ ಹಳೆ ಕೈ

ಸೆಲ್‌ನ ವೋಲ್ಟೇಜನ್ನು ಏರಿಸುವ ಬೂಸ್ಟ್ ಕನ್ವರ್ಟರಿನ ಹೊರದಾರಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಇಟ್ಟು ನೋಡಿ, 220 ಮೈಕ್ರೋಫ್ಯಾರಡ್‌ನಿಂದ ಆರಂಭಿಸಿ. ಪರದೆಗೆ ಹೆಚ್ಚಿನ ವೋಲ್ಟೇಜ್ ಒದಗಿಸುವ ಚಾರ್ಜ್ ಪಂಪ್ ಚಾಲೂ ಆಗುವ ಕ್ಷಣದಲ್ಲಿ ಒಮ್ಮೆಗೇ ಕರೆಂಟ್ ಎಳೆಯುತ್ತದೆ, ಹಳೆಯ ಸೆಲ್‌ನ ಒಳಗಿನ ರೋಧ ಹೆಚ್ಚಾಗಿರುವುದರಿಂದ ಅಲ್ಲಿ ಕುಸಿಯುತ್ತದೆ. ಜತೆಗೆ, ಪರದೆ ಬದಲಾಗುವಾಗ ಎಸ್‌ಡಿ ಕಾರ್ಡಿನಿಂದ ಓದದಂತೆ ತಂತ್ರಾಂಶದಲ್ಲಿ ತಡೆಯಿರಿ, ಎರಡೂ ಒಟ್ಟಿಗೆ ಬೇಡ. ಪರೀಕ್ಷೆಗೆ ಹೊಸ ಸೆಲ್ ಬಳಸಬೇಡಿ. ಗೋಡೆ ಗಡಿಯಾರದಲ್ಲಿ ವರ್ಷ ದುಡಿದ ಸೆಲ್ ತೆಗೆದು ಹಾಕಿ. ಅದರಲ್ಲಿ ನಡೆದರೆ ಎಲ್ಲಿಯೂ ನಡೆಯುತ್ತದೆ.

ಬೋರ್ಡಿನ ಹೊಸ ನಕ್ಷೆ ಕಳುಹಿಸುವ ಮುನ್ನ ಪರೀಕ್ಷಾ ಬಿಂದುಗಳನ್ನು ಹಿಂಬದಿಯಲ್ಲಿ ಒಂದೇ ಸಾಲಿನಲ್ಲಿ, 2.54 ಮಿಲಿಮೀಟರ್ ಅಂತರದಲ್ಲಿ ಇಡಿ. ಹಾಗಿದ್ದರೆ ಜಿಗ್‌ಗೆ ಹದಿನೈದು ಸಾವಿರ ಬೇಡ, ಪೋಗೋ ಪಿನ್ (ಸ್ಪ್ರಿಂಗ್ ಇರುವ ಸೂಜಿ) ಮತ್ತು ಒಂದು ಮರದ ಹಲಗೆಯಲ್ಲಿ ನಾನೇ ಮಾಡಿಕೊಡುತ್ತೇನೆ. ಬೆಂಗಳೂರಿಗೆ ಬಂದಾಗ ಎರಡು ಬೋರ್ಡ್ ತನ್ನಿ, ಕೆಟ್ಟದ್ದೊಂದು, ಸರಿಯಿರುವುದೊಂದು.